ಬೆಳ್ಳಿತೆರೆಯ ಶೃಂಗಾರಾಭಾಸ

ರಾಮನಗರದ ಬಂಡೆಗಳ ನಡುವೆ ಕಟ್ಟಿನಿಲ್ಲಿಸಿದ ಕಲ್ಪಿತ ಗ್ರಾಮವೊಂದರಲ್ಲಿ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯನ್ನು ನೋಡದ ಭಾರತೀಯರು ವಿರಳ, ನೋಡಿದವರಲ್ಲಿ ನೀರಿನ ತೊಟ್ಟಿಯ ಪ್ರಸಂಗಕ್ಕೆ ನಗದೆ ಕುಳಿತವರು ಇನ್ನೂ ವಿರಳ. ಮದ್ಯದ ಅಮಲಿನಲ್ಲಿ ತೂರಾಡುತ್ತಿರುವ ವೀರೂ ಊರ ನೀರಿನ ತೊಟ್ಟಿಯ ನೆತ್ತಿಯನ್ನೇರಿ ನಿಂತು, ಬಸಂತಿಯನ್ನು ತನಗೆ ಮದುವೆಮಾಡಿಕೊಡದಿದ್ದರೆ ಅಲ್ಲಿಂದ ಧುಮುಕಿ ಪ್ರಾಣ ಬಿಡುವೆನೆಂದು ಸಾರುತ್ತಾನೆ. ಕೆಳಗೆ ನೆರೆದ ಗ್ರಾಮಸ್ಥರು ತಲ್ಲಣಿಸುತ್ತಾರೆ. ಈ ಸಂಬಂಧ ಬೇಡವೆಂದು ಅದುವರೆಗೆ ಹಟ ಹಿಡಿದಿದ್ದ ವೃದ್ಧ ಚಿಕ್ಕಮ್ಮನನ್ನು ಎಲ್ಲರೂ ಕೂಡಿ ಒತ್ತಾಯಿಸುತ್ತಾರೆ. ಒಂದು ಜೀವದ ಹೊಣೆಯನ್ನು ಹೊರಲಾರದೆ ಆಕೆ ಸಮ್ಮತಿಸುತ್ತಾಳೆ. ಹಾಸ್ಯದ ದೃಷ್ಟಿಯಿಂದ ಇದಕ್ಕೆ ಸಮನಾದ ಸನ್ನಿವೇಶಗಳು ಹಿಂದೀ ಚಿತ್ರಗಳಲ್ಲಿ ಬಹಳವಿಲ್ಲ. ಧರ್ಮೇಂದ್ರರ ಅಭಿನಯದ ಲವಲವಿಕೆಯನ್ನು ಅಲ್ಲಗಳೆಯುವಷ್ಟು ಅರಸಿಕ ನಾನಲ್ಲ. ಬಸಂತಿಯ ಮನಸ್ಸು ವೀರೂವಿನ ಕಡೆಗೆ ವಾಲಿರಲಿಲ್ಲವೆಂದೂ ಹೇಳುವಂತಿಲ್ಲ. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಬಸಂತಿಯಾದರೋ ತಾನೇ ಟಾಂಗಾ ಹೊಡೆದು ತಾನೇ ಗಳಿಸಿ ಬಾಳುತ್ತಿರುವವಳು; ಧನ್ನೋ ಎಂಬ ಹೆಣ್ಣುಕುದುರೆ ಗಾಡಿಯನ್ನು ಎಳೆಯಬಹುದಾದರೆ ಹೆಣ್ಣುಮಗಳೊಬ್ಬಳು ಅದನ್ನು ನಡೆಸಬಾರದೇಕೆಂದು ಮೊದಲ ಭೇಟಿಯಲ್ಲಿಯೇ ವಾದ ಹೂಡಿದವಳು; ಚಿತ್ರದಲ್ಲಿ ಅವಳಷ್ಟು ಮಾತನಾಡುವವರು ಮತ್ತೊಬ್ಬರಿಲ್ಲ. ಅಂಥವಳ ಮದುವೆಯ ವಿಷಯದಲ್ಲಿ ಪ್ರಶ್ನೆಯನ್ನು ಕೇಳಿದ್ದು ಚಿಕ್ಕಮ್ಮನನ್ನು, ಉತ್ತರವನ್ನು ಹೊರಡಿಸಿದ್ದು ಊರಿನ ಗುಂಪು, ಅದಕ್ಕೆ ಸಾಧನವಾದದ್ದು ಸಾವಿನ ಬೆದರಿಕೆ. ಅರ್ಧ ಶತಮಾನದಿಂದ ನಾವು ಪ್ರೇಮವೆಂದು ಚಪ್ಪಾಳೆ ತಟ್ಟುತ್ತ ಬಂದಿರುವುದು ಇದನ್ನು.

ನಮ್ಮ ಪ್ರಾಚೀನ ಲಾಕ್ಷಣಿಕರು ಈ ಸನ್ನಿವೇಶವನ್ನು ಕಂಡಿದ್ದರೆ ಏನೆನ್ನುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ರಸದ ಹೊರಲಕ್ಷಣಗಳೆಲ್ಲವೂ ಇದ್ದು, ಔಚಿತ್ಯವು ತಪ್ಪಿದುದರಿಂದ ಅದು ರಸವಾಗದೆ ರಸದ ಛಾಯೆಯಾಗಿ ಮಾತ್ರ ಉಳಿದಾಗ ಅವರು ಅದನ್ನು ರಸಾಭಾಸವೆಂದು ಕರೆದರು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಶೃಂಗಾರಾಭಾಸಕ್ಕೆ ಎಡೆಗೊಡುವ ಸಂದರ್ಭಗಳನ್ನು ಎಣಿಸುವಾಗ, ಇಬ್ಬರಲ್ಲಿಯೂ ನೆಲೆಗೊಳ್ಳದೆ ಒಬ್ಬರಲ್ಲಿ ಮಾತ್ರ ಇರುವ ರತಿಯನ್ನು ಸ್ಪಷ್ಟವಾಗಿ ಸೇರಿಸಿದ್ದಾನೆ. ಸೀತೆಯ ಮೇಲೆ ರಾವಣನಿಗಿದ್ದ ಕಾಮವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಆ ಪಟ್ಟಿಯಲ್ಲಿ ಕೆಳವರ್ಗದವರ ಪ್ರೇಮವನ್ನೂ ಆಭಾಸವೆಂದೇ ಎಣಿಸಿದೆಯಷ್ಟೆ. ಆ ಅಹಂಕಾರವನ್ನು ನಾವು ಸಂಕೋಚವಿಲ್ಲದೆ ತಿರಸ್ಕರಿಸತಕ್ಕದ್ದು. ಆದರೆ ಒಲಿಯದವಳ ಬೆನ್ನುಹತ್ತಿದವನ ತಾಪವು ಎಷ್ಟೇ ತೀವ್ರವಾಗಿರಲಿ, ಎಷ್ಟೇ ಸುಂದರವಾದ ಮಾತಿನಲ್ಲಿ ವ್ಯಕ್ತವಾಗಿರಲಿ, ಅದು ಶೃಂಗಾರವಲ್ಲವೆಂಬ ವಿವೇಕವು ನಮ್ಮ ಕಾವ್ಯಮೀಮಾಂಸೆಯಲ್ಲಿ ಇತ್ತೆಂಬುದನ್ನು ಮರೆಯಲಾಗದು. ಸ್ತ್ರೀಯರ ಇಚ್ಛೆಯನ್ನು ಕುರಿತ ಚಿಂತನೆಯೆಲ್ಲ ಪಶ್ಚಿಮದಿಂದ ಹಡಗೇರಿ ಬಂದದ್ದೆಂದು ಹೇಳುವವರಿಗೆ ಇಷ್ಟು ಉತ್ತರ ಸಾಕು.

ಕನ್ನಡ ಓದುಗರಿಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನು ಸೀತೆಯನ್ನು ಒಲಿಸಿಕೊಳ್ಳಲು ತನ್ನ ಐಶ್ವರ್ಯವನ್ನೂ ವಿದ್ಯೆಯನ್ನೂ ಪ್ರದರ್ಶಿಸಿ, ಕೊನೆಗೆ ರಾಮನ ಪ್ರಾಣಕ್ಕೇ ಸಂಚಕಾರವೆಂದು ಹೆದರಿಸಿ ನಿಂತಾಗ, ಆಕೆ ಮೂರ್ಛೆಹೋಗುತ್ತಾಳೆ, ಆ ಕ್ಷಣದಲ್ಲಿ, ತನ್ನ ಎದುರಿಗೆ ಬಿದ್ದಿರುವ ಆ ನೊಂದ ಜೀವವನ್ನು ಕಂಡ ಕ್ಷಣದಲ್ಲಿ, ರಾವಣನ ಮೋಹವು ಕಳಚಿಬೀಳುತ್ತದೆ, ಒಂದಾಗಿದ್ದ ದಂಪತಿಗಳನ್ನು ಅಗಲಿಸಿದೆನಲ್ಲ ಎಂದು ಅವನು ಪಶ್ಚಾತ್ತಾಪ ಪಡುತ್ತಾನೆ. ಈ ರಾವಣನಲ್ಲಿ ಬಿ.ಎಂ. ಶ್ರೀಕಂಠಯ್ಯನವರು ದುರಂತನಾಯಕನ ಘನತೆಯನ್ನು ಕಂಡದ್ದು ಇಂಥ ಕಾರಣದಿಂದಲೇ. ಇಲ್ಲಿ ಗಮನಿಸಬೇಕಾದದ್ದು ಮನಸ್ಸು ಬದಲಾದದ್ದು ಯಾರದು ಎಂಬುದನ್ನು. ಹೆಣ್ಣಿನ ನಿರಾಕರಣೆಯು ಗಂಡಸಿನ ಅಂತರಂಗವನ್ನು ಮುಟ್ಟಿ ಅದನ್ನು ಅಲ್ಲೋಲಕಲ್ಲೋಲ ಮಾಡಿತು. ಹಿಂದೀ ಚಿತ್ರದ ಪ್ರಣಯಕಥೆಯಲ್ಲಿ ನಾನು ಎಣಿಸುವ ದೋಷವು ಇದರ ವಿಪರ್ಯಾಸವಾಗಿದೆ: ಅಲ್ಲಿ ನಾಯಕನು ಮೊದಲಿನಿಂದ ಕೊನೆಯವರೆಗೆ ಇದ್ದಂತೆಯೇ ಇರುತ್ತಾನೆ, ಅವನ ಅಚಲತೆಯೇ ಅವನ ಗುಣವೆನಿಸುತ್ತದೆ, ಬದಲಾಗಬೇಕಾದ ಶ್ರಮವೆಲ್ಲವೂ, ಕೋಪದಿಂದ ಕನಿಕರಕ್ಕೆ, ಕನಿಕರದಿಂದ ಒಲವಿಗೆ ಸಾಗಬೇಕಾದ ದೂರವೆಲ್ಲವೂ ನಾಯಿಕೆಯ ಪಾಲಿಗೆ ಬರುತ್ತದೆ, ಮತ್ತು ಆ ದೂರವನ್ನು ಅವಳು ಹೇಗೆ ಕ್ರಮಿಸಿದಳೆಂಬುದನ್ನು ಮಾತ್ರ ಚಿತ್ರವು ತೋರಿಸುವುದಿಲ್ಲ.

ತೋರಿಸದೆಯೇ ದಾಟಿಸಿಬಿಡುವುದಕ್ಕೆ ಹಿಂದೀ ಚಿತ್ರವು ಕಂಡುಕೊಂಡ ಉಪಾಯವೆಂದರೆ ಹಾಡು. ಗ್ರಾಮಾಫೋನಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದ ಮೂರು ಮೂರೂವರೆ ನಿಮಿಷಗಳ ಅವಧಿಯಲ್ಲಿ, ಪಲ್ಲವಿಯಲ್ಲಿ ಮುಖ ತಿರುಗಿಸಿದ ನಾಯಿಕೆ ಮೊದಲ ಚರಣದಲ್ಲಿ ಹುಬ್ಬು ಗಂಟಿಕ್ಕಿ, ಎರಡನೆಯ ಚರಣದಲ್ಲಿ ನಗುವನ್ನು ತಡೆದು, ಮೂರನೆಯ ಚರಣದ ಹೊತ್ತಿಗೆ ಅವನ ಹೆಜ್ಜೆಗೆ ಹೆಜ್ಜೆ ಸೇರಿಸುತ್ತಾಳೆ. ಮಾತಿನಲ್ಲಿ ಬರೆಯಬೇಕಾಗಿದ್ದರೆ ಸಮರ್ಥನೆ ಬೇಡುತ್ತಿದ್ದ ಪರಿವರ್ತನೆಯನ್ನು ಸ್ವರವು ಸಮರ್ಥನೆಯಿಲ್ಲದೆ ನಡೆಸಿಕೊಡುತ್ತದೆ. ಬರ್ಮನ್ನರ, ಶಂಕರ್–ಜೈಕಿಶನ್ನರ, ನಯ್ಯರರ ಪ್ರತಿಭೆ ಎಷ್ಟು ಮೋಹಕವಾಗಿತ್ತೆಂದರೆ ಸಮರ್ಥನೆಯನ್ನು ಕೇಳಬೇಕೆಂದು ನಮಗೆ ತೋಚಲೂ ಇಲ್ಲ. 1969ರ ‘ಆರಾಧನಾ’ದಲ್ಲಿ ಪರ್ವತಪ್ರಾಂತದ ಪುಟ್ಟ ರೈಲಿನ ಕಿಟಕಿಯ ಬಳಿ ಶರ್ಮಿಳಾ ಟಾಗೋರ್ ಕಾದಂಬರಿ ಹಿಡಿದು ಕುಳಿತಿರುತ್ತಾರೆ, ಪಕ್ಕದ ರಸ್ತೆಯಲ್ಲಿ ಜೀಪಿನಲ್ಲಿ ರಾಜೇಶ್ ಖನ್ನಾ ಹಾಡುತ್ತ ಹಿಂಬಾಲಿಸುತ್ತಾರೆ, ಓದುತ್ತಿರುವ ಹೆಂಗಸನ್ನು ಓದಲು ಬಿಡದಿರುವುದೇ ಪ್ರೇಮದ ಮೊದಲ ಸೋಪಾನವೆಂದು ಇದರಿಂದ ಕಲಿತವರೆಷ್ಟು ಮಂದಿಯೋ! ಶರ್ಮಿಳಾ ಆಗ ಬೇರೊಂದು ಚಿತ್ರದಲ್ಲಿ ತೊಡಗಿದ್ದುದರಿಂದ ಅವರ ಭಾಗವನ್ನು ಪ್ರತ್ಯೇಕವಾಗಿ ಸ್ಟುಡಿಯೋದಲ್ಲಿ ಚಿತ್ರಿಸಿ ಜೋಡಿಸಿದರೆಂದು ಚಿತ್ರರಂಗದವರು ಹೇಳುವುದುಂಟು. ಕದ್ದುನೋಡಿ ನಸುನಕ್ಕ ಆ ನೋಟವು ಎದುರಿಗಿಲ್ಲದವನ ಕಡೆಗೆ ಬೀರಿದ್ದು ಎಂಬುದರಲ್ಲಿ ಒಂದು ಸ್ವಾರಸ್ಯವುಂಟು: ಅವಳ ಒಪ್ಪಿಗೆ ಹುಟ್ಟಿದ್ದು ಸಂಕಲನಕಾರನ ಮೇಜಿನ ಮೇಲೆ.

ಈ ಉಪಾಯದ ಅತ್ಯಂತ ನಿರ್ವ್ಯಾಜವಾದ ರೂಪವನ್ನು ನೋಡಬೇಕಾದರೆ ರಾಜ್ ಕಪೂರರ ‘ಸಂಗಮ್’ (1964) ಚಿತ್ರಕ್ಕೆ ಹೋಗಬೇಕು. ನೀರಿನಲ್ಲಿ ಈಜುತ್ತಿರುವ ರಾಧೆಯನ್ನು ಮರದ ಮೇಲೆ ಕುಳಿತ ಸುಂದರನು ಒಂದೇ ಪ್ರಶ್ನೆಯನ್ನು ಹಾಡಿ ಹಾಡಿ ಕೇಳುತ್ತಾನೆ, ಅವಳು ಇಲ್ಲವೆನ್ನುತ್ತಾಳೆ, ಮತ್ತೆ ಕೇಳುತ್ತಾನೆ, ಮತ್ತೆ ಇಲ್ಲವೆನ್ನುತ್ತಾಳೆ, ಕಡೆಗೆ ಬೇಸತ್ತು, ಈ ಕಾಟ ತೊಲಗಿದರೆ ಸಾಕೆಂಬಂತೆ ಹೌದೆನ್ನುತ್ತಾಳೆ. ಅವಳು ಒಲಿದದ್ದು ಅವನ ಗೆಳೆಯ ಗೋಪಾಲನಿಗೆ. ಗೋಪಾಲನಾದರೋ ಸ್ನೇಹಧರ್ಮದ ಪರಾಕಾಷ್ಠೆಯೆಂದು ಭಾವಿಸಿ, ತನ್ನನ್ನು ಒಲಿದವಳನ್ನು ಒಂದು ಮಾತೂ ಕೇಳದೆ ಸ್ನೇಹಿತನಿಗೆ ಬಿಟ್ಟುಕೊಡುತ್ತಾನೆ. ರಾಧೆ ಸುಂದರನ ಹೆಂಡತಿಯಾಗಿ ನಿಷ್ಠೆಯಿಂದ ಬಾಳತೊಡಗಿದ ಮೇಲೆ ಹಳೆಯ ಪತ್ರವೊಂದು ಸಿಕ್ಕಿ ಸಂಶಯದ ಅಗ್ನಿ ಹತ್ತುತ್ತದೆ. ಇಷ್ಟನ್ನೆಲ್ಲ ಸಾಮಾನ್ಯ ಮೆಲೊಡ್ರಾಮಾ ಎಂದು ತಳ್ಳಿಬಿಡಬಹುದಾಗಿತ್ತು. ಆದರೆ ಕೊನೆಯ ದೃಶ್ಯದಲ್ಲಿ, ಇಬ್ಬರು ಗೆಳೆಯರೂ ತಂತಮ್ಮ ತ್ಯಾಗದ ಹಿರಿಮೆಯನ್ನು ಸಾಧಿಸುತ್ತ ನಿಂತಿರುವಾಗ, ವೈಜಯಂತಿಮಾಲಾ ಅವರ ರಾಧೆ ಒಮ್ಮೆಲೆ ಸಿಡಿದೇಳುತ್ತಾಳೆ: ನೀವಿಬ್ಬರೂ ನಿಮ್ಮ ಸ್ನೇಹದ ಲೆಕ್ಕವನ್ನು ನೋಡಿಕೊಂಡಿರಿ, ನನ್ನನ್ನು ಯಾರು ಕೇಳಿದಿರಿ ಎಂಬುದು ಆಕೆಯ ಮಾತಿನ ತಾತ್ಪರ್ಯ. ಮೂರೂವರೆ ಗಂಟೆಗೂ ಮಿಕ್ಕ ಚಿತ್ರವು ತನ್ನ ಮೇಲೆ ತಾನೇ ಹೊರಿಸಿಕೊಂಡ ಈ ಆರೋಪಪತ್ರವನ್ನು ಕೇಳಿದಾಗ ರೋಮಾಂಚವಾಗುತ್ತದೆ. ಉತ್ತರವೇನು? ಗೋಪಾಲನು ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಪ್ರಶ್ನೆ ಕೇಳಿದವಳ ಬಾಯಿಗೆ ಮತ್ತೊಂದು ತ್ಯಾಗವನ್ನು ಅಡ್ಡವಿಟ್ಟು ಚಿತ್ರವು ಪಾರಾಗುತ್ತದೆ. ನಾಯಿಕೆಯ ಮಾತಿನ ಸತ್ಯವನ್ನು ಕಾಣುವಷ್ಟು ಪ್ರಾಮಾಣಿಕತೆಯೂ, ಕಂಡದ್ದನ್ನು ಅನುಸರಿಸಲಾರದ ಅಳುಕೂ ಒಂದೇ ಚಿತ್ರದಲ್ಲಿ ಕೂಡಿರುವುದು ಹಿಂದೀ ಸಿನಿಮಾದ ಸ್ವಭಾವವನ್ನು ಬಲ್ಲವರಿಗೆ ಅಚ್ಚರಿಯಲ್ಲ.

ಹೆಣ್ಣಿನ ಇಚ್ಛೆಯು ಕಾನೂನಿನ ರೂಪ ತಾಳಿ ಬಂದಾಗಲಂತೂ ಈ ಅಳುಕು ನೇರವಾದ ವಿರೋಧವೇ ಆಯಿತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು, ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದ 1955ರಲ್ಲಿಯೇ, ‘ಮಿಸ್ಟರ್ ಅಂಡ್ ಮಿಸೆಸ್ 55’ ಎಂಬ ಹಾಸ್ಯಚಿತ್ರವನ್ನು ತೆಗೆದರು. ಅದರ ನಾಯಕ ವ್ಯಂಗ್ಯಚಿತ್ರಕಾರ, ತೆರೆಯ ಮೇಲೆ ಅವನ ಪರವಾಗಿ ಗೆರೆಯೆಳೆದ ಕೈ ಮೈಸೂರಿನ ಆರ್.ಕೆ. ಲಕ್ಷ್ಮಣರದು. ವಿಚ್ಛೇದನದ ಹಕ್ಕಿಗಾಗಿ ಹೋರಾಡುವ ಸೀತಾದೇವಿಯನ್ನು ಲಲಿತಾ ಪವಾರರ ಗಡಸು ಮುಖದಲ್ಲಿ ಖಳಪಾತ್ರವಾಗಿ ನಿಲ್ಲಿಸಿ, ಅವಳ ಸೊಸೆಯಾದ—ಅಂದರೆ ಸೋದರನ ಮಗಳಾದ—ಅನಿತಾಳನ್ನು ನಾಯಕನು ಬಲವಂತವಾಗಿ ಹಳ್ಳಿಯ ಮನೆಗೆ ಕರೆದೊಯ್ದು, ಅಲ್ಲಿ ಅಡುಗೆಯ ಹೊಗೆಯಲ್ಲಿ ಮಕ್ಕಳನ್ನು ಸಲಹುತ್ತಿರುವ ಅತ್ತಿಗೆಯ ಬಾಯಿಂದ ಗೃಹಿಣೀಧರ್ಮದ ಪಾಠ ಹೇಳಿಸಿ, ವಿಚ್ಛೇದನದ ಬಯಕೆಯನ್ನು ಅವಳ ಮನಸ್ಸಿನಿಂದ ತೊಡೆದುಹಾಕುತ್ತದೆ ಆ ಚಿತ್ರ. ‘ಪ್ಯಾಸಾ’ವನ್ನು ಸೃಷ್ಟಿಸಲಿದ್ದ ಕರುಣಾಳು ಕಲಾವಿದನ ಕೈಯಿಂದ ಇದು ಬಂದಿತೆಂಬುದು ನನ್ನನ್ನು ಸ್ವಲ್ಪ ನೋಯಿಸುತ್ತದೆ; ಮಧುಬಾಲಾಳ ಚೆಲುವೂ ಜಾನಿ ವಾಕರನ ಚೇಷ್ಟೆಯೂ ಅದನ್ನು ಮರೆಸಲಾರವು.

ಹತ್ತು ವರ್ಷಗಳ ಅನಂತರ, ಮೈಸೂರಿನ ಆರ್.ಕೆ. ನಾರಾಯಣರು ಅಮೆರಿಕದ ಬರ್ಕ್ಲಿಯಲ್ಲಿ ಕುಳಿತು ಬರೆದ ಕಾದಂಬರಿಯನ್ನು ವಿಜಯ್ ಆನಂದ್ ‘ಗೈಡ್’ (1965) ಆಗಿ ತೆರೆಗೆ ತಂದರು. ಗಂಡನನ್ನು ಬಿಟ್ಟು, ನೃತ್ಯವನ್ನು ಅಪ್ಪಿ, ಪರಪುರುಷನೊಡನೆ ಬಾಳುವ ರೋಸಿಯನ್ನು ನಾಯಿಕೆಯಾಗಿ ನಿಲ್ಲಿಸಿದ ಧೈರ್ಯವನ್ನೂ, ಆ ಪಾತ್ರದಲ್ಲಿ ವಹೀದಾ ರೆಹಮಾನರು ಸೂಸಿದ ಬಿಡುಗಡೆಯ ಉಲ್ಲಾಸವನ್ನೂ ಎಷ್ಟು ಹೊಗಳಿದರೂ ಕಡಮೆಯೆ. ಆದರೂ ಚಿತ್ರವು ಕಾದಂಬರಿಗಿಂತ ಒಂದು ಹೆಜ್ಜೆ ಹಿಂದೆ ಸರಿದಿದೆ. ಕಾದಂಬರಿಯ ಮಾರ್ಕೋ ಹೆಂಡತಿಯ ಕಲೆಯನ್ನು ಕಡೆಗಣಿಸಿ ಗುಹಾಚಿತ್ರಗಳಲ್ಲಿ ಮುಳುಗಿದ ಶುಷ್ಕ ವಿದ್ವಾಂಸ. ಅಷ್ಟು ಕಾರಣವು ಪ್ರೇಕ್ಷಕರಿಗೆ ಸಾಲದೆಂದು ಎಣಿಸಿ, ಚಿತ್ರವು ಅವನನ್ನು ಹೆಣ್ಣಿನ ಚಪಲವುಳ್ಳವನನ್ನಾಗಿಯೂ ಮಾಡಿತು. ಗಂಡನು ದುಷ್ಟನೆಂದು ರುಜುವಾತಾಗದ ಹೊರತು ಹೆಂಡತಿಗೆ ಮನೆಯಿಂದ ಹೊರಡುವ ಅಧಿಕಾರವಿಲ್ಲ. ಬಾಳು ಬರಿದಾಗಿದೆಯೆಂಬ ಅವಳ ಅನುಭವವೇ ಸಾಕ್ಷ್ಯವಾಗುವುದಿಲ್ಲ. ತಮ್ಮ ಕಥೆಗೆ ಒದಗಿದ ಗತಿಯನ್ನು ಕುರಿತು ನಾರಾಯಣರು ವ್ಯಂಗ್ಯವಾಗಿ ಬರೆದ ಪ್ರಬಂಧವು ಪ್ರಸಿದ್ಧವಾಗಿದೆ.

ತೊಂಬತ್ತರ ದಶಕಕ್ಕೆ ಬಂದಾಗ ಹಿಂದಿನ ಚಿತ್ರಗಳ ಚುಡಾಯಿಸುವಿಕೆಯಲ್ಲಿದ್ದ ಹುಡುಗಾಟವು ಹಿಂಸೆಗೆ ತಿರುಗಿದುದನ್ನು ಕಾಣುತ್ತೇವೆ. ಇಂದ್ರಕುಮಾರರ ‘ದಿಲ್’ (1990) ಆ ವರ್ಷದ ಮಹಾವಿಜಯಗಳಲ್ಲಿ ಒಂದು. ತನ್ನ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿದ ಸಹಪಾಠಿನಿಯನ್ನು ನಾಯಕನು ಎಳೆದೊಯ್ದು, ನಿಜವಾಗಿಯೂ ಹಾಗೆ ಮಾಡಬಲ್ಲೆನೆಂದು ಬೆದರಿಸಿ, ಅವಳು ನಡುಗುತ್ತಿರುವಾಗ ಮಾಡದೆ ಬಿಟ್ಟು ನೀತಿಬೋಧೆ ಮಾಡುತ್ತಾನೆ. ಆ ಬಿಟ್ಟುಬಿಟ್ಟ ಔದಾರ್ಯಕ್ಕೆ ಮನಸೋತು ಅವಳು ಅವನನ್ನು ಪ್ರೀತಿಸತೊಡಗುತ್ತಾಳೆ. ಅಪರಾಧವನ್ನು ಮಾಡದಿರುವುದೇ ಪ್ರೇಮಕ್ಕೆ ಅರ್ಹತೆಯಾದ ಲೋಕವಿದು. ಅದಾದ ಮೂರು ವರ್ಷಕ್ಕೆ ಯಶ್ ಚೋಪ್ರಾ ಅವರ ‘ಡರ್’ ಬಂದಿತು. ಅದರಲ್ಲಿ ಕಿರಣಳನ್ನು ದೂರವಾಣಿಯಲ್ಲಿ ಕಾಡುವ, ಎದೆಯ ಮೇಲೆ ಅವಳ ಹೆಸರನ್ನು ಕೊರೆದುಕೊಳ್ಳುವ ರಾಹುಲನು ಕಥೆಯ ಪ್ರಕಾರ ಖಳ, ಅವನನ್ನು ಕೊಲ್ಲುವ ಗಂಡನು ನಾಯಕ. ಹೀಗಿದ್ದರೂ ಚಿತ್ರಮಂದಿರದ ಮರುಕವೆಲ್ಲ ಖಳನ ಪಾಲಾಯಿತು, ಶಾರುಖ್ ಖಾನರು ಆ ತೊದಲುಮಾತಿನಿಂದಲೇ ಮನೆಮಾತಾದರು. ನಟನ ಪ್ರತಿಭೆ ಒಂದು ಕಾರಣವಿರಬಹುದು. ಮತ್ತೊಂದು ಕಾರಣವು ಕ್ಯಾಮೆರಾ ನಿಂತ ಸ್ಥಳದಲ್ಲಿದೆ. ಅವನ ಏಕಾಂತದ ಗೋಡೆಗಳ ಮೇಲಿನ ಚಿತ್ರಗಳನ್ನೂ, ಸತ್ತ ತಾಯಿಯೊಡನೆ ಅವನಾಡುವ ಮಾತುಗಳನ್ನೂ ನಾವು ಸಮೀಪದಿಂದ ಕಾಣುತ್ತೇವೆ. ಅವಳ ಭಯವನ್ನು ಕಾಣುವುದೋ, ದೂರದಿಂದ, ಅವನ ಕಣ್ಣಿನಿಂದ.

‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಬರೆಯಬೇಕಾಗಿದೆ. 1995ರ ಅಕ್ಟೋಬರ್ 20ರಂದು ಬಿಡುಗಡೆಯಾಗಿ ಮುಂಬಯಿಯ ಮರಾಠಾ ಮಂದಿರದಲ್ಲಿ ದಶಕಗಳ ಕಾಲ ಪ್ರದರ್ಶಿತವಾದ ಈ ಚಿತ್ರದ ರಾಜ್ ದುಷ್ಟನಲ್ಲ, ಸ್ನೇಹಶೀಲ. ಅಡಿಗೆಮನೆಯಲ್ಲಿ ಹೆಂಗಸರೊಡನೆ ಕುಳಿತು ಕೆಲಸ ಮಾಡಬಲ್ಲ ಅಪರೂಪದ ನಾಯಕ. ಯುರೋಪಿನ ಪ್ರವಾಸದಲ್ಲಿ, ಕುಡಿದು ಮೈಮರೆತಿದ್ದ ನಾಯಿಕೆ ಸಿಮ್ರನಳಿಗೆ ಮರುದಿನ ಬೆಳಿಗ್ಗೆ, ರಾತ್ರಿ ನಮ್ಮಿಬ್ಬರ ನಡುವೆ ಎಲ್ಲವೂ ನಡೆದುಹೋಯಿತೆಂದು ತಮಾಷೆಗಾಗಿ ನಂಬಿಸಿ, ಅವಳು ಕಂಗಾಲಾಗಿ ಅತ್ತ ಮೇಲೆ, ಹಿಂದೂಸ್ತಾನದ ಹೆಣ್ಣಿನ ಮಾನವೇನೆಂದು ತನಗೆ ಗೊತ್ತೆಂದು ಸಮಾಧಾನ ಮಾಡುತ್ತಾನೆ. ಆ ತಮಾಷೆಯನ್ನು ಇಂದು ನೋಡುವಾಗ ಮೈ ಮುದುಡುತ್ತದೆ. ಆದರೆ ನನ್ನ ಆಕ್ಷೇಪವಿರುವುದು ಅದಕ್ಕಿಂತ ಗಂಭೀರವಾದ, ಎಲ್ಲರೂ ಮೆಚ್ಚುವ ಭಾಗಕ್ಕೆ. ತಾನು ಬಾಲಕಿಯಾಗಿದ್ದಾಗ ಹೆಣ್ಣಿಗೂ ಗಂಡಿಗೂ ಭೇದವಿಲ್ಲವೆಂದು ತನ್ನ ತಂದೆ ಹೇಳಿದ್ದನ್ನು ನಂಬಿ, ಮಗಳಾಗಿ ಓದನ್ನೂ, ಸೋದರಿಯಾಗಿ ಸುಖವನ್ನೂ, ಹೆಂಡತಿಯಾಗಿ ಇಚ್ಛೆಯನ್ನೂ ಬಿಟ್ಟುಕೊಡುತ್ತ ಬಂದ ತಾಯಿ ಲಜ್ಜೋ, ತನ್ನ ಮಗಳಿಗೆ ಈ ಗತಿ ಬಾರದಿರಲೆಂದು ಅಂದುಕೊಂಡಿದ್ದವಳು, ಕೊನೆಗೆ ಒಡವೆಗಳ ಗಂಟನ್ನು ತಂದು ಇವಳನ್ನು ಕರೆದುಕೊಂಡು ಓಡಿಹೋಗೆಂದು ರಾಜನನ್ನು ಬೇಡಿಕೊಳ್ಳುತ್ತಾಳೆ. ಫರೀದಾ ಜಲಾಲರ ಆ ಮಾತುಗಳಲ್ಲಿರುವಷ್ಟು ನಿಜ ಇಡೀ ಚಿತ್ರದಲ್ಲಿ ಮತ್ತೆಲ್ಲಿಯೂ ಇಲ್ಲ. ರಾಜ್ ನಮ್ರನಾಗಿ ನಿರಾಕರಿಸುತ್ತಾನೆ. ತಂದೆಯೇ ಕೈಯಾರೆ ಕೊಟ್ಟರೆ ಮಾತ್ರ ತಾನು ಸಿಮ್ರನಳನ್ನು ಸ್ವೀಕರಿಸುವೆನೆನ್ನುತ್ತಾನೆ. ತಾಯಿ ಒಪ್ಪಿದ್ದಾಳೆ, ಮಗಳು ಒಪ್ಪಿದ್ದಾಳೆ. ಇಬ್ಬರು ಹೆಂಗಸರ ಸಮ್ಮತಿ ಸೇರಿ ಒಂದು ಸಮ್ಮತಿಯಾಗುವುದಿಲ್ಲ. ರೈಲು ಹೊರಟ ಮೇಲೆ ತಂದೆಯಾದ ಅಮರೀಶ್ ಪುರಿಯವರ ಮುಷ್ಟಿ ಸಡಿಲವಾದಾಗ ಮಾತ್ರ ಅವಳು ಓಡಬಹುದು. ನಾಯಕ ಇಲ್ಲಿ ಗೆದ್ದದ್ದು ತಂದೆಯ ಹೃದಯವನ್ನು. ಎರಡನೆಯ ಅರ್ಧದ ನಿಜವಾದ ಪ್ರಣಯಕಥೆ ಆ ಇಬ್ಬರು ಗಂಡಸರ ನಡುವೆ ನಡೆಯಿತೆಂದರೆ ಅತಿಶಯೋಕ್ತಿಯಲ್ಲ.

ಈ ದೋಷವನ್ನು ಹಿಂದಿಯವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಒಲ್ಲದ ಹುಡುಗಿಯನ್ನು ಹೊತ್ತೊಯ್ದು ಕಟ್ಟಿಹಾಕಿ ತನ್ನ ಪ್ರೇಮವನ್ನು ತಿಳಿಸುವ ಪುಂಡನ ಕಥೆಯು 1999ರಲ್ಲಿ ತಮಿಳಿನ ‘ಸೇತು’ವಾಗಿ ಹುಟ್ಟಿ, 2001ರಲ್ಲಿ ಸುದೀಪರ ಕನ್ನಡ ‘ಹುಚ್ಚ’ವಾಗಿ ವಿಜೃಂಭಿಸಿದ ಮೇಲೆಯೇ 2003ರಲ್ಲಿ ಸಲ್ಮಾನ್ ಖಾನರ ‘ತೇರೇ ನಾಮ್’ ಆಯಿತು. 2019ರ ‘ಕಬೀರ್ ಸಿಂಗ್’ ತೆಲುಗಿನ ‘ಅರ್ಜುನ್ ರೆಡ್ಡಿ’ಯ ಮಗು. ಹಿಂದಿಯ ಪರದೆ ಹೆಚ್ಚು ಅಗಲವಾದದ್ದರಿಂದ ಬಿಂಬ ಅಲ್ಲಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ‘ಕಬೀರ್ ಸಿಂಗ್’ನ ವೈದ್ಯವಿದ್ಯಾರ್ಥಿಯು ಕಾಲೇಜಿಗೆ ಆಗತಾನೆ ಬಂದ ಪ್ರೀತಿ ಎಂಬ ಹುಡುಗಿಯನ್ನು ಕಂಡೊಡನೆ, ಅವಳು ತನ್ನವಳೆಂದು ಇತರ ಗಂಡುಹುಡುಗರಿಗೆ ಸಾರುತ್ತಾನೆ, ಹೆಸರು ಕೇಳಿದ ಮೇಲೆ ಕೆನ್ನೆಗೆ ಮುತ್ತಿಡುತ್ತಾನೆ, ತರಗತಿಯಲ್ಲಿ ಅವಳು ಎಲ್ಲಿ ಕೂರಬೇಕು, ಯಾರ ಸ್ನೇಹ ಮಾಡಬೇಕೆಂಬುದನ್ನೂ ಗೊತ್ತುಮಾಡುತ್ತಾನೆ, ಅವಳ ಬಾಯಿಂದ ಬಹಳ ಹೊತ್ತಿನವರೆಗೆ ಮಾತೇ ಹೊರಡುವುದಿಲ್ಲ. ಕೋಪ ಬಂದಾಗ ಹೊಡೆಯುತ್ತಾನೆ. ಅವಳಿಗೆ ಬೇರೆಡೆ ಮದುವೆಯಾದಾಗ ಅವನು ಕುಡಿತದಲ್ಲಿ ಕರಗುತ್ತಾನೆ, ಸಂತಾಪವೆಲ್ಲ ಅವನದೇ; ಅಷ್ಟು ಕಾಲ ಅವಳು ಏನಾಗಿದ್ದಳೆಂಬುದು ಕಥೆಗೆ ಬೇಕಿಲ್ಲ. ಕಟ್ಟಕಡೆಗೆ ಗರ್ಭಿಣಿಯಾಗಿ ಕಾಣಿಸಿಕೊಳ್ಳುವ ಅವಳು, ಕಟ್ಟಿಕೊಂಡ ಗಂಡನು ತನ್ನನ್ನು ಮುಟ್ಟಿಲ್ಲವೆಂಬ ಪ್ರಮಾಣಪತ್ರವನ್ನು ನಾಯಕನಿಗೆ ಒಪ್ಪಿಸಬೇಕಾಗುತ್ತದೆ. ಶರತ್‌ಚಂದ್ರರ ‘ದೇವದಾಸ’ನೂ ಕುಡಿದ, ಪಾರ್ವತಿಯ ಹಣೆಗೆ ಹೊಡೆದು ಗಾಯವನ್ನೂ ಮಾಡಿದ, ಆದರೆ 1955ರಲ್ಲಿ ಬಿಮಲ್ ರಾಯ್ ಆ ಕಥೆಯನ್ನು ಹೇಳಿದಾಗ ದಿಲೀಪ್ ಕುಮಾರರ ಮುಖದಲ್ಲಿ ಪುರುಷನ ದೌರ್ಬಲ್ಯವು ದೌರ್ಬಲ್ಯವಾಗಿಯೇ ಕಂಡಿತ್ತು, ಅದಕ್ಕೆ ತಕ್ಕ ಮರಣವೂ ಒದಗಿತ್ತು. ಈಗ ಅದೇ ದೌರ್ಬಲ್ಯಕ್ಕೆ ಮೋಟಾರುಬೈಕನ್ನೂ ವಿಜಯವನ್ನೂ ಕೊಟ್ಟಿದ್ದಾರೆ.

ಚಿತ್ರಗಳನ್ನು ನೋಡಿ ಜನ ಕೆಡುವರೆ ಎಂಬ ಹಳೆಯ ಚರ್ಚೆಯಲ್ಲಿ ನಾನು ಬಹಳ ದೂರ ಹೋಗಲಾರೆ. 2012ರ ಡಿಸೆಂಬರಿನ ದಿಲ್ಲಿಯ ಘೋರ ಘಟನೆಯ ತರುವಾಯ 2013ರಲ್ಲಿ ದಂಡಸಂಹಿತೆಗೆ ಸೇರಿದ ಹೊಸ ಕಲಮು, ಹೆಣ್ಣು ತನ್ನ ಅನಾಸಕ್ತಿಯನ್ನು ಸ್ಪಷ್ಟವಾಗಿ ಸೂಚಿಸಿದ ಮೇಲೆಯೂ ಅವಳನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಕ್ಕೆ ಯತ್ನಿಸುವುದನ್ನು ಅಪರಾಧವೆಂದಿತು. ನೂರಾರು ಚಿತ್ರಗಳ ಮಧ್ಯಂತರದವರೆಗಿನ ಕಥಾಸಾರಾಂಶವನ್ನು ಶಾಸನಕರ್ತರು ಗದ್ಯದಲ್ಲಿ ಬರೆದಂತಿದೆ ಅದು. ಅದೇ ವರ್ಷದ ಜೂನಿನಲ್ಲಿ ‘ರಾಂಝಣಾ’ ಬಂದು, ಕಾಶಿಯ ಗಲ್ಲಿಗಳಲ್ಲಿ ಶಾಲಾಬಾಲಕಿಯ ಬೆನ್ನುಹತ್ತಿ ಕಪಾಳಕ್ಕೆ ಏಟು ತಿಂದರೂ ಹಿಮ್ಮೆಟ್ಟದ, ಕೈಯ ನರ ಕೊಯ್ದುಕೊಳ್ಳುವ ಕುಂದನನಿಗಾಗಿ ಕಣ್ಣೀರು ತರಿಸಿತು. 2015ರಲ್ಲಿ ಆಸ್ಟ್ರೇಲಿಯದ ಟ್ಯಾಸ್ಮೇನಿಯದಲ್ಲಿ, ಇಬ್ಬರು ಮಹಿಳೆಯರನ್ನು ಕಾಡಿದ ಭಾರತೀಯನೊಬ್ಬನ ಪರವಾಗಿ ಅವನ ವಕೀಲನು, ಹಿಂದೀ ಚಿತ್ರಗಳನ್ನು ನೋಡಿ ಬೆಳೆದ ತನ್ನ ಕಕ್ಷಿಗಾರನಿಗೆ ಪಟ್ಟುಬಿಡದಿದ್ದರೆ ಹೆಣ್ಣು ಒಲಿಯುವಳೆಂಬ ಭ್ರಮೆಯಿತ್ತೆಂದು ವಾದಿಸಿದನು, ಸೆರೆಮನೆ ತಪ್ಪಿತು. ವಕೀಲರ ಜಾಣ್ಮೆಯನ್ನು ಸಮಾಜಶಾಸ್ತ್ರವೆಂದು ಎಣಿಸಬೇಕಾಗಿಲ್ಲ. ಸೆನ್ಸಾರ್ ಮಂಡಳಿಯ ಕತ್ತರಿಯಿಂದ ಇದಕ್ಕೆ ಪರಿಹಾರವಿದೆಯೆಂದೂ ನನಗೆ ತೋರುವುದಿಲ್ಲ: ‘ಕಬೀರ್ ಸಿಂಗ್’ ವಯಸ್ಕರಿಗೆ ಮಾತ್ರವೆಂಬ ಮುದ್ರೆಯೊಡನೆಯೇ ಬಂದಿತು, ಮುದ್ರೆ ಅದರ ವಿಜಯಕ್ಕೆ ಅಡ್ಡಿಯಾಗಲಿಲ್ಲ. ನನ್ನ ದೂರು ಪೊಲೀಸರ ದೂರಲ್ಲ, ರಸಿಕನ ದೂರು. ಇಬ್ಬರ ಕಥೆಯೆಂದು ಟಿಕೆಟ್ಟು ಕೊಟ್ಟು ಒಬ್ಬನ ಕಥೆಯನ್ನು ತೋರಿಸಿ ಕಳುಹಿಸಿದರೆ ನೋಡುಗನಿಗೆ ನಷ್ಟ.

ಇಬ್ಬರ ಕಥೆಯನ್ನು ಹೇಳಲು ಹಿಂದಿಯವರಿಗೆ ಬಾರದೆಂದಲ್ಲ. ಮನ್ನೂ ಭಂಡಾರಿಯವರ ಸಣ್ಣಕಥೆಯನ್ನು ಆಧರಿಸಿ ಬಸು ಚಟರ್ಜಿ ತೆಗೆದ ‘ರಜನೀಗಂಧಾ’ (1974)ದಲ್ಲಿ ದೀಪಾ ದಿಲ್ಲಿಯ ಸಂಜಯನಿಗೂ, ಮುಂಬಯಿಯಲ್ಲಿ ಮತ್ತೆ ಎದುರಾದ ಹಳೆಯ ಗೆಳೆಯ ನವೀನನಿಗೂ ನಡುವೆ ತೂಗಾಡುತ್ತಾಳೆ. ಒಬ್ಬ ಮಾತುಗಾರ, ಮರೆಗುಳಿ, ಹೇಳಿದ ಹೊತ್ತಿಗೆ ಬಾರದವನು. ಮತ್ತೊಬ್ಬ ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ನಡೆಸಿಕೊಡುವವನು, ಆದರೆ ಮನಸ್ಸಿನಲ್ಲಿರುವುದನ್ನು ಹೇಳದವನು. ತೂಕ ನಡೆಯುವುದೆಲ್ಲ ಅವಳ ಮನಸ್ಸಿನಲ್ಲಿ. ಟ್ಯಾಕ್ಸಿಯಲ್ಲಿ ಕುಳಿತವಳ ಸೆರಗು ಪಕ್ಕದವನ ಕಡೆಗೆ ಹಾರುವಷ್ಟರಲ್ಲಿಯೇ ಒಂದು ಅಧ್ಯಾಯ ಮುಗಿಯುತ್ತದೆ. ಅದೇ ನಿರ್ದೇಶಕರ ‘ಛೋಟೀ ಸೀ ಬಾತ್’ (1976) ಇನ್ನೂ ಕುತೂಹಲಕರ, ಏಕೆಂದರೆ ಅಲ್ಲಿಯೂ ನಾಯಕನು ಹುಡುಗಿಯನ್ನು ಬಸ್ ನಿಲ್ದಾಣದಿಂದ ಕಚೇರಿಯವರೆಗೆ ದಿನವೂ ಹಿಂಬಾಲಿಸುತ್ತಾನೆ. ಹಾಗಾದರೆ ಅದನ್ನು ಏಕೆ ಕ್ಷಮಿಸುತ್ತೇವೆ? ಅಮೋಲ್ ಪಾಲೇಕರರ ಅರುಣನು ತಾನು ಯಾರಿಗೂ ಕಾಣುತ್ತಿಲ್ಲವೆಂದು ತಿಳಿದಿದ್ದಾನೆ. ಪ್ರಭಾಳಿಗೆ ಮೊದಲಿನಿಂದಲೂ ಎಲ್ಲ ಗೊತ್ತು, ಅವಳು ಒಳಗೊಳಗೇ ನಗುತ್ತಿದ್ದಾಳೆ, ಅವನು ಬಾರದ ದಿನ ತಿರುಗಿ ನೋಡುತ್ತಾಳೆ. ಚಿತ್ರವು ಅದನ್ನು ನಮಗೂ ತಿಳಿಸುತ್ತದೆ. ಅನುರಾಗವು ಎರಡೂ ದಡಗಳಲ್ಲಿ ಉಂಟೆಂದು ನಮಗೆ ಮೊದಲೇ ತಿಳಿದಿರುವುದರಿಂದ ಹಿಂಬಾಲಿಸುವುದು ಆಟವಾಗುತ್ತದೆ. ಆದರೂ ಇಂಥ ಕ್ಷಮೆಯನ್ನು ತೆರೆಯ ಆಚೆಗೆ ಒಯ್ಯುವುದು ಅಪಾಯಕರ, ಬೀದಿಯಲ್ಲಿ ನಡೆಯುವವಳ ಮನಸ್ಸನ್ನು ನಮಗೆ ತೆರೆದುತೋರುವ ಬಸು ಚಟರ್ಜಿ ಅಲ್ಲಿಲ್ಲ.

ಅವರದೇ ‘ಸ್ವಾಮಿ’ (1977)ಯಲ್ಲಿ ನಮ್ಮ ಗಿರೀಶ ಕಾರ್ನಾಡರು ಘನಶ್ಯಾಮನಾಗಿ ಅಭಿನಯಿಸಿದ್ದಾರೆ. ಮನಸ್ಸಿನಲ್ಲಿ ಬೇರೊಬ್ಬನನ್ನಿಟ್ಟುಕೊಂಡು ಬಂದ ಸೌದಾಮಿನಿಯನ್ನು, ಶಬಾನಾ ಆಜ್ಮಿಯವರ ಆ ಓದಿದ ಬಿಗಿದ ತುಟಿಯ ಹೆಣ್ಣನ್ನು, ಆ ಧಾನ್ಯವ್ಯಾಪಾರಿ ಗಂಡನು ಏನನ್ನೂ ಬೇಡದೆ, ಬೇಡುತ್ತಿಲ್ಲವೆಂಬ ಹೆಗ್ಗಳಿಕೆಯನ್ನೂ ತೋರದೆ, ಮನೆಯವರ ತಾತ್ಸಾರದ ನಡುವೆ ಅವಳ ಪರವಾಗಿ ಮೆಲ್ಲನೆ ನಿಂತು ಕಾಯುತ್ತಾನೆ. ಕೊನೆಯಲ್ಲಿ ಕ್ಷಮೆ ಬೇಡುವವಳು ಅವಳೇ, ಅಷ್ಟರಮಟ್ಟಿಗೆ ಇದು ಶರತ್‌ಚಂದ್ರರ ಕಾಲದ ಕಥೆಯೇ ಹೌದು. ಆದರೂ ಕಾಯುವಿಕೆಗೂ ಕಾಡುವಿಕೆಗೂ ನಡುವಣ ಅಂತರವನ್ನು ಕಾರ್ನಾಡರ ಕುಗ್ಗಿದ ಭುಜಗಳಲ್ಲಿ ನೋಡಿದಷ್ಟು ಸ್ಪಷ್ಟವಾಗಿ ನಾನು ಬೇರೆಡೆ ನೋಡಿಲ್ಲ. ಶಬಾನಾ ಅವರೇ ಮುಂದೆ ‘ಅರ್ಥ್’ (1982)ನಲ್ಲಿ, ಮರಳಿಬಂದ ಗಂಡನನ್ನೂ ಕೈನೀಡಿದ ಹೊಸ ಗೆಳೆಯನನ್ನೂ ನಿರಾಕರಿಸಿ ನಡೆದರು. 2020ರ ‘ಥಪ್ಪಡ್’ನ ಅಮೃತಾ ಒಂದೇ ಒಂದು ಏಟಿಗಾಗಿ ವಿಚ್ಛೇದನ ಕೇಳಿದಾಗ ಅವಳ ಸುತ್ತಣ ಒಳ್ಳೆಯ ಜನರೆಲ್ಲ, ಹೆತ್ತ ತಾಯಿಯೂ ಸಹ, ಅಷ್ಟಕ್ಕೇ ಏಕೆಂದು ಬೆರಗಾಗುತ್ತಾರೆ, ಆ ಬೆರಗನ್ನು ಒಂದೊಂದೇ ಮನೆಗೆ ಕೊಂಡೊಯ್ದು ಪರೀಕ್ಷಿಸಿದ್ದು ಅನುಭವ್ ಸಿನ್ಹಾ ಅವರ ಸಾಧನೆ.

ಕರಣ್ ಜೋಹರರ ಹೆಸರನ್ನು ಈ ಗುಂಪಿನಲ್ಲಿ ಹೇಳಬೇಕಾಗಿ ಬರುವುದೆಂದು ನಾನು ನಿರೀಕ್ಷಿಸಿರಲಿಲ್ಲ. 1998ರ ‘ಕುಛ್ ಕುಛ್ ಹೋತಾ ಹೈ’ಯಲ್ಲಿ, ಬಾಸ್ಕೆಟ್‌ಬಾಲ್ ಆಟದಲ್ಲಿ ನಾಯಕನನ್ನು ಸೋಲಿಸುತ್ತಿದ್ದ ಗಂಡುಬೀರಿ ಅಂಜಲಿಯು ಅವನ ಕಣ್ಣಿಗೆ ಹೆಣ್ಣಾಗಿ ಕಾಣಬೇಕಾದರೆ ಸೀರೆ ಉಟ್ಟು ಅದೇ ಆಟದಲ್ಲಿ ಸೋಲಬೇಕಾಗಿತ್ತು, ಅದಕ್ಕಾಗಿ ನಿರ್ದೇಶಕರು ತಮ್ಮನ್ನು ತಾವೇ ಬಹಿರಂಗವಾಗಿ ಆಕ್ಷೇಪಿಸಿಕೊಂಡಿದ್ದಾರೆ. 2023ರ ಜುಲೈಯಲ್ಲಿ ಅವರ ‘ರಾಕಿ ಔರ್ ರಾನೀ ಕೀ ಪ್ರೇಮ್ ಕಹಾನೀ’ ಬಂದಿತು. ಭಪ್ಪರೆ ಉಡುಪಿನ, ಓದಿನ ವಾಸನೆಯಿಲ್ಲದ ದಿಲ್ಲಿಯ ಪಂಜಾಬಿ ಹುಡುಗನೊಬ್ಬನು, ಬಂಗಾಳಿ ಪತ್ರಕರ್ತೆಯ ಮನೆಯಲ್ಲಿ ಮೂರು ತಿಂಗಳು ಇದ್ದು, ತಾನು ಆಡುವ ಯಾವ ಮಾತಿನಿಂದ ಯಾರಿಗೆ ನೋವಾಗುವುದೆಂಬುದನ್ನು ಮುಗ್ಗರಿಸುತ್ತ ಕಲಿಯುತ್ತಾನೆ; ತನ್ನನ್ನು ಬೆಳೆಸಿದ್ದು ಹೀಗೆ, ಗೇಲಿ ಮಾಡುವ ಬದಲು ಹೇಳಿಕೊಡಿರೆಂದು ಸಿಟ್ಟಿನಿಂದಲೂ ಅಳುವಿನಿಂದಲೂ ಕೇಳುತ್ತಾನೆ. ಅವಳ ತಂದೆ ಕಥಕ್ ಕಲಾವಿದ, ಗಂಡಸಾಗಿ ಗೆಜ್ಜೆ ಕಟ್ಟಿದವನೆಂದು ನಗೆಗೀಡಾದವನು. ದುರ್ಗಾಪೂಜೆಯ ಮಂಟಪದಲ್ಲಿ ಭಾವೀ ಅಳಿಯನೂ ಮಾವನೂ ಜೊತೆಗೂಡಿ, 2002ರ ‘ದೇವದಾಸ್’ನಲ್ಲಿ ಪಾರೋ ಮತ್ತು ಚಂದ್ರಮುಖಿ ಕುಣಿದಿದ್ದ ಹಾಡಿಗೆ ಕುಣಿಯುತ್ತಾರೆ. ಚಿತ್ರದಲ್ಲಿ ಬೋಧೆ ಹೆಚ್ಚು, ಅಲಂಕಾರ ಅದಕ್ಕೂ ಹೆಚ್ಚು, ಮೂರೇ ತಿಂಗಳಿಗೆ ಇಷ್ಟು ಜ್ಞಾನೋದಯವೆ ಎಂದು ನಾನೂ ಹುಬ್ಬೇರಿಸಿದೆ. ಆದರೆ ಹೆಜ್ಜೆ ತಪ್ಪದಂತೆ ಹಿರಿಯನ ಪಾದಗಳನ್ನೇ ನೋಡುತ್ತ ಕುಣಿಯುವ ನಾಯಕನೊಬ್ಬನನ್ನು ಇಷ್ಟು ದೊಡ್ಡ ಬಂಡವಾಳದ ಹಿಂದೀ ಚಿತ್ರದಲ್ಲಿ ಕಂಡದ್ದು ಕಡಮೆ. ಅದೇ ಡಿಸೆಂಬರಿನ ಮೊದಲ ದಿನ ‘ಅನಿಮಲ್’ ಬಿಡುಗಡೆಯಾಯಿತು. ಪ್ರೇಮವನ್ನು ರುಜುವಾತುಪಡಿಸಲು ತನ್ನ ಬೂಟನ್ನು ನೆಕ್ಕೆಂದು ಹೆಣ್ಣಿಗೆ ಹೇಳುವ ನಾಯಕ ಅದರಲ್ಲಿದ್ದಾನೆ, ಗಳಿಕೆಯಲ್ಲಿ ಅದು ರಾಕಿಯ ಕಥೆಯನ್ನು ಬಹುದೂರ ಹಿಂದಿಕ್ಕಿತು, ಉತ್ತರಭಾಗವನ್ನು ಚಿತ್ರದ ಕೊನೆಯಲ್ಲಿಯೇ ಘೋಷಿಸಿಯೂ ಆಗಿದೆ.